ಗುಡ್ಡದ ಮೇಲೆ ರಿಯಾಯಿತಿ ಇಲ್ಲ

ಅವರನ್ನು ನಾನು ಮೊದಲು ನೋಡಿದ್ದು ನನ್ನ ಮಾಲು ವಾಪಸು ಬಂದ ದಿನ. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ರಟ್ಟಿನ ಡಬ್ಬಿ ತಯಾರಿಸುವ ಸಣ್ಣ ಕಾರ್ಖಾನೆ ಇದೆ. ಅವರು ಅಲ್ಲೇ ಹತ್ತಿರದ ಔಷಧಿ ಕಂಪನಿಯೊಂದರಲ್ಲಿ ಕ್ವಾಲಿಟಿ ವಿಭಾಗದ ಮುಖ್ಯಸ್ಥೆ. ನಾನು ಕಳಿಸಿದ ಲಾರಿ ಲೋಡಿನಲ್ಲಿ ಹತ್ತಕ್ಕೊಂದು ಡಬ್ಬಿ ಎತ್ತಿ, ಅದರ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ, ಮೆತ್ತಗಾಗಿವೆ, ಒಯ್ಯಿರಿ ಎಂದು ಲಾರಿಯನ್ನು ತಿರುಗಿಸಿ ಕಳಿಸಿದ್ದರು. ವಿಷಯ ತಿಳಿದು ನಾನೇ ಓಡಿದೆ. ಬಿಳಿ ಕೋಟು, ತುರುಬು, ಕೊರಳಲ್ಲಿ ದಾರಕ್ಕೆ ಕಟ್ಟಿದ ಲ್ಯಾಬಿನ ಟೈಮರು. ಆಗಲೇ ಐವತ್ತೆಂಟು ದಾಟಿದ ಹೆಂಗಸು. ಕನ್ನಡದವರೆಂದು ಗೊತ್ತಾದ ಕೂಡಲೇ ನನಗೆ ಅರ್ಧ ಕೆಲಸ ಮುಗಿದ ಸಮಾಧಾನ.

“ಮಳೆಗಾಲ ಮೇಡಂ. ರಟ್ಟು ಅಂದ್ಮೇಲೆ ಸ್ವಲ್ಪ ತೇವ ಎಳ್ಕೊಳ್ಳುತ್ತೆ. ಒಂದು ಕೆಲಸ ಮಾಡಿ, ಅರ್ಧ ಲೋಡು ಇಟ್ಕೊಳ್ಳಿ, ಇನ್ನರ್ಧ ನಾನು ಬದಲಾಯಿಸಿ ಕೊಡ್ತೀನಿ.”

“ಎಲ್ಲಾ ಒಂದ ಗೋಡೌನಿನ್ಯಾಗ ಇದ್ದವಲ್ರಿ? ಅರ್ಧ ಡಬ್ಬಿಗೆ ಮಳಿ ಬಂದು ಇನ್ನರ್ಧಕ್ಕ ಬಿಸಲಿತ್ತೇನು?”

ಅಷ್ಟೇ. ದನಿ ಏರಿಸಲಿಲ್ಲ, ಮುಖ ಗಂಟಿಕ್ಕಲಿಲ್ಲ. ಚಹಾ ಕೂಡ ತರಿಸಿದರು. ನಾನು ಅರಸೀಕೆರೆಯಿಂದ ಸ್ಟೋರ್ ಕೀಪರ್ ಆಗಿ ಈ ಊರಿಗೆ ಬಂದು, ಬರೀ ಮಾತಿನ ಬಲದಿಂದ ಕಾರ್ಖಾನೆ ಕಟ್ಟಿದವನು. ಗುಜರಾತಿ ಸೇಟುಗಳ ಹತ್ತಿರ ಗುಜರಾತಿಯಲ್ಲಿ, ಇಲ್ಲಿಯ ಕಿಕುಯು ಹೆಂಗಸರ ಹತ್ತಿರ ಸ್ವಾಹಿಲಿಯಲ್ಲಿ ಚೌಕಾಸಿ ಮಾಡಿ ಗೆದ್ದವನು. ಕನ್ನಡದಲ್ಲಿ ಸೋತಿದ್ದು ಅದೇ ಮೊದಲು.

ಹೋದ ತಿಂಗಳು ಅವರು ನಿವೃತ್ತರಾಗಿ ಧಾರವಾಡಕ್ಕೆ ಹೊರಟುಹೋದರು. ಬೀಳ್ಕೊಡುಗೆಯಲ್ಲಿ ಎರಡು ಮಾತಾಡಿ ಎಂದು ಮೈಕು ಕೊಟ್ಟಾಗ ನನಗೆ ಮಾತೇ ಹೊರಡಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಇಡೀ ಜೀವನಚರಿತ್ರೆ ನನಗೆ ಗೊತ್ತಿಲ್ಲ. ಗೊತ್ತಿರುವುದು ಭಾನುವಾರಗಳು ಮಾತ್ರ.

ಮೇಡಂ ಭಾನುವಾರ ಬೆಳಿಗ್ಗೆ ಬೆಟ್ಟ ಓಡುತ್ತಾರೆ, ಜೊತೆಗೆ ನಾಲ್ಕೈದು ಜನ ಕನ್ನಡದ ಹೊಸಬರನ್ನು ಕರೆದೊಯ್ಯುತ್ತಾರೆ ಎಂದು ಯಾರೋ ಹೇಳಿದರು. ನನಗೆ ತಕ್ಷಣ ಉಪಾಯ ಹೊಳೆಯಿತು. ಅಧಿಕಾರಿಯ ಜೊತೆ ವಾರಕ್ಕೊಮ್ಮೆ ಬೆವರು ಸುರಿಸಿದರೆ ಡಬ್ಬಿಯ ಮೂಲೆ ಒತ್ತುವ ಹೆಬ್ಬೆರಳು ಸ್ವಲ್ಪ ಸಡಿಲವಾಗದೇ ಇರುತ್ತದೆಯೆ? ಫೋನು ಮಾಡಿ, ನಾನೂ ಬರುತ್ತೇನೆ ಅಂದೆ.

“ಬರ್ರಿ. ಆದ್ರ ಈಗ ಅಲ್ಲ. ನೀವು ಇರೋದು ಎಷ್ಟನೇ ಮಹಡಿ?”

“ನಾಲ್ಕು.”

“ಒಂದ ತಿಂಗಳು ಲಿಫ್ಟ್ ಬಿಡ್ರಿ. ದಿನಾ ಐದು ಸಲ ಹತ್ತಿ ಇಳೀರಿ. ಹತ್ತೋವಾಗ ಓಡಬ್ಯಾಡ್ರಿ. ಇಳಿಯೋವಾಗ ಕಟಕಟಿ ಹಿಡೀಬ್ಯಾಡ್ರಿ. ಆಮ್ಯಾಲೆ ಫೋನ್ ಮಾಡ್ರಿ.”

ಅವರು ಶುರು ಮಾಡಿದ್ದೂ ಹಾಗೆಯೇ. ಕಿಲೆಲೆಶ್ವಾ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ಲಿಫ್ಟು ಕೆಟ್ಟು ಮೂರು ವಾರ ರಿಪೇರಿ ಆಗಲಿಲ್ಲವಂತೆ. ತರಕಾರಿ ಚೀಲ ಹಿಡಿದು ಐದನೇ ಮಹಡಿ ಹತ್ತುವಾಗ ಎದೆ ಬಾಯಿಗೆ ಬಂತಂತೆ. ಲಿಫ್ಟು ಸರಿಹೋದ ದಿನ ಕಟ್ಟಡದವರೆಲ್ಲ ಖುಷಿಯಾದರೆ, ಇವರಿಗೆ ಮಾತ್ರ ಯಾರೋ ಮೋಸ ಮಾಡಿದ ಹಾಗೆ ಅನ್ನಿಸಿತಂತೆ. ಆಗ ಅವರಿಗೆ ನಲವತ್ತೊಂಬತ್ತು.

ನಾನು ಒಂದು ತಿಂಗಳನ್ನು ಎರಡು ವಾರಕ್ಕೆ ಇಳಿಸಿಕೊಂಡು ಫೋನು ಮಾಡಿದೆ. ಆಯ್ತು ಮೇಡಂ, ಕಾಲು ರೆಡಿ ಅಂದೆ. ಅವರು, “ಸರಿ, ಬರ್ರಿ” ಅಂದರು. ಸುಲಭವಾಯಿತಲ್ಲ ಅಂದುಕೊಂಡೆ. ಮೊದಲ ಭಾನುವಾರ ಮೊದಲ ಗುಡ್ಡದ ನಡುವೆ ಬೆಳಗಿನ ಮೂರು ಇಡ್ಲಿ ಹುಲ್ಲಿನ ಮೇಲೆ ಬಿದ್ದಾಗ ಉಳಿದ ಎರಡು ವಾರದ ಬೆಲೆ ತಿಳಿಯಿತು. ಹೊಸಬರಿಗೆ ನನ್ನ ಮೊದಲ ಸಲಹೆ ಬರೆದಿಟ್ಟುಕೊಳ್ಳಿ: ಹೊರಡುವ ಮುನ್ನ ಒಂದು ಬಾಳೆಹಣ್ಣು ಸಾಕು. ಇಡ್ಲಿ ವ್ಯಾನಿನಲ್ಲಿ ಕಾಯಲಿ.

ಎನ್‌ಗಾಂಗ್ ಬೆಟ್ಟಗಳೆಂದರೆ ನೈರೋಬಿಯ ಅಂಚಿನಲ್ಲಿ, ಮುಷ್ಟಿ ಬಿಗಿದ ಕೈಯ ಗೆಣ್ಣುಗಳ ಹಾಗೆ ಸಾಲಾಗಿ ನಿಂತ ಗುಡ್ಡಗಳು. ಗಾಳಿಯಂತ್ರಗಳಿರುವ ಕಡೆಯಿಂದ ಹೊರಟು ಏರಿ ಇಳಿದು, ಏರಿ ಇಳಿದು, ಆ ತುದಿಯಲ್ಲಿ ರಸ್ತೆ ಸೇರಬೇಕು. ವ್ಯಾನು ಅಲ್ಲಿ ಕಾಯುತ್ತಿರುತ್ತದೆ. ನಮ್ಮ ಲೆಕ್ಕದಲ್ಲಿ ಏಳು ಗುಡ್ಡ. ಒಂದೊಂದರ ನೆತ್ತಿಯಲ್ಲೂ ಮೇಡಂ ಒಂದೊಂದು ಕಲ್ಲು ಗುರುತು ಮಾಡಿದ್ದರು. ಓಡುತ್ತಲೇ ಬಗ್ಗಿ ಅದನ್ನು ಅಂಗೈಯಲ್ಲಿ ಮುಟ್ಟಿ ಮುಂದೆ ಹೋಗಬೇಕು. ಕೂರುವಂತಿಲ್ಲ, ಫೋಟೋ ಹೊಡೆಯುವಂತಿಲ್ಲ.

ಇಳಿಜಾರು ಬಿಟ್ಟರೆ ಅವರು ಯಾವಾಗಲೂ ಕೊನೆಯಲ್ಲಿ ಓಡುತ್ತಿದ್ದರು. ಸಲ್ವಾರಿನ ಮೇಲೆ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಬಾಯಲ್ಲಿ ಸೀಟಿ ಕಚ್ಚಿಕೊಂಡು, ಅತಿ ನಿಧಾನದವರ ಹಿಂದೆ. ಆರು ತಿಂಗಳು ಆ ಅತಿ ನಿಧಾನದವನು ನಾನೇ. ಹತ್ತುವಾಗ ಅವರು ಓಡುತ್ತಲೇ ಇರಲಿಲ್ಲ. ಎರಡು ಅಂಗೈಯನ್ನು ತೊಡೆಯ ಮೇಲಿಟ್ಟು, ಒತ್ತಿ, ಚಿಕ್ಕ ಚಿಕ್ಕ ಹೆಜ್ಜೆ. ನನಗೆ ಅದು ನಾಚಿಕೆ. ನಮ್ಮ ಗುಂಪಿನಲ್ಲಿದ್ದ ಟೆಲಿಕಾಂ ಕಂಪನಿಯ ಪ್ರಶಾಂತನ ಮಗಳು ಅನನ್ಯ, ಇಲ್ಲೇ ಹುಟ್ಟಿ ಬೆಳೆದ ಹದಿನಾರರ ಹುಡುಗಿ, ನನ್ನ ಪಕ್ಕದಲ್ಲೇ ಹಾದುಹೋಗುತ್ತಾ ಹಂಗಿಸುತ್ತಿದ್ದಳು: “ಅಂಕಲ್, ಯು ಆರ್ ವಾಕಿಂಗ್!”

ನಾನು ಮಾನ ಉಳಿಸಿಕೊಳ್ಳಲು ನಾಲ್ಕು ಹೆಜ್ಜೆ ಓಡಿ, ಮುಂದಿನ ನಲವತ್ತು ಹೆಜ್ಜೆ ಏದುಸಿರು ಬಿಡುತ್ತಾ ನಿಲ್ಲುತ್ತಿದ್ದೆ.

“ಆಕೀ ಮಾತು ಬಿಡ್ರಿ,” ಹಿಂದಿನಿಂದ ಮೇಡಂ. “ನೀವು ಓಡಿ ನಿಲ್ಲೋದ್ರಾಗ ನಾ ನಡದು ಮುಟ್ಟಿರ್ತೀನಿ. ಮ್ಯಾಲೆ ನೋಡಬ್ಯಾಡ್ರಿ. ಮ್ಯಾಲೆ ನೋಡಿದವ್ರಿಗೆ ಗುಡ್ಡ ಬೆಳೀತದ.”

ನಿಜವಾದ ಓಟ ಅವರದು ಇಳಿಜಾರಿನಲ್ಲಿ. ಇಳಿಯುವಾಗ ನಾವೆಲ್ಲ ಭಯಕ್ಕೆ ಹಿಂದಕ್ಕೆ ವಾಲಿ, ಹಿಮ್ಮಡಿಯಿಂದ ಬ್ರೇಕು ಹಾಕಿ, ಮೊಣಕಾಲು ಕೆಡಿಸಿಕೊಳ್ಳುತ್ತೇವೆ. ಅವರು ಮೈಯನ್ನು ಮುಂದಕ್ಕೆ ಬಿಟ್ಟು, ತೋಳುಗಳನ್ನು ಬದಿಗೆ ಸಡಿಲವಾಗಿ ಚಾಚಿ, ಮೂರು ಹೆಜ್ಜೆ ಮುಂದಿನ ನೆಲವನ್ನಷ್ಟೇ ನೋಡುತ್ತಾ ಟಪಟಪ ಇಳಿದುಬಿಡುತ್ತಿದ್ದರು. ಕ್ವಾಲಿಟಿ ಮೇಡಂ ಮಾಯವಾಗಿ, ಶಾಲೆ ಬಿಟ್ಟ ಮಗು ಬಂದ ಹಾಗೆ. ಕೆಳಗೆ ನಿಂತು ತಿರುಗಿ ನೋಡಿ ಕೂಗುವರು: “ಬೀಳ್ತೀನಿ ಅಂತ ತಿಳ್ಕೊಂಡ ಇಳೀರಿ. ಬೀಳೂದಕ್ಕ ಮೊದಲ ಇನ್ನೊಂದು ಕಾಲು ಇಡ್ರಿ, ಅಷ್ಟ!”

ಶೂಗಳ ಕಥೆಯೂ ಹೇಳಬೇಕು. ಹಳೆಯ ಬಟ್ಟೆಬರೆ ಮಾರುವ ಮಿತುಂಬಾ ಸಂತೆಯಲ್ಲಿ ಅರ್ಧ ಗಂಟೆ ಹೋರಾಡಿ, ಮಾರುವವಳು ಎರಡು ಸಲ ಅಳು ನಟಿಸಿ, ನಾನು ಮೂರು ಸಲ ಹೊರಟುಹೋಗುವ ನಟನೆ ಮಾಡಿ, ತಳದಲ್ಲಿ ದಪ್ಪ ಮುಳ್ಳುಗಳಿರುವ ಒಂದು ಜೊತೆ ಬೆಟ್ಟದ ಶೂ ಗೆದ್ದು ತಂದಿದ್ದೆ. ಮೇಡಂ ಮುಂದೆ ಹಿಡಿದೆ. ಅವರು ಅದನ್ನು ಎರಡೂ ಕೈಯಲ್ಲಿ ಬಗ್ಗಿಸಿದರು, ಅಂಚಿನಲ್ಲಿ ಉಗುರು ತೂರಿಸಿದರು, ಮೂಸಿಯೂ ನೋಡಿದರು.

“ಅಂಟು ಸತ್ತದ. ರಿಜೆಕ್ಟ್.”

“ನೋಡಿ ಮೇಡಂ, ಮುಳ್ಳು ಹೇಗಿದೆ! ಹೊಸದರ ಹಾಗಿದೆ.”

“ಮುಳ್ಳಿಂದೇನು ತಪ್ಪಿಲ್ಲ. ಅದು ಶೂದ ಜೊತಿ ಬರಬೇಕಲ್ಲ?”

ಮೂರನೇ ಗುಡ್ಡದಲ್ಲಿ ಬಲಗಾಲಿನ ತಳ ಮೊಸಳೆ ಬಾಯಿಯಂತೆ ತೆರೆದುಕೊಂಡಿತು. ನಾನು ಡಬ್ಬಿ ವ್ಯಾಪಾರಿ, ಚೀಲದಲ್ಲಿ ಪ್ಯಾಕಿಂಗ್ ಟೇಪು ಸದಾ ಇರುತ್ತದೆ. ಸುತ್ತಿಕೊಂಡು ಓಡಿದೆ.  ಮರುದಿನ ಮೇಡಂ ಪರಿಚಯದ ಫುಂಡಿಯ, ಅಂದರೆ ಚಪ್ಪಲಿ ಹೊಲಿಯುವವನ, ನಂಬರು ವಾಟ್ಸಾಪಿನಲ್ಲಿ ಬಂತು. ಶೂ ಕೊಳ್ಳುವವರಿಗೆ ನನ್ನ ಎರಡನೇ ಸಲಹೆ: ಹಳೆಯದೇ ಕೊಳ್ಳಿ, ತಪ್ಪಿಲ್ಲ, ಆದರೆ ಕೊಂಡ ದಿನವೇ ತಳ ಹೊಲಿಸಿ. ಬೆರಳ ತುದಿಗೂ ಶೂಗೂ ನಡುವೆ ಒಂದು ಹೆಬ್ಬೆರಳಿನ ಜಾಗ ಇರಲಿ, ಇಲ್ಲವಾದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ.

ಇಷ್ಟು ಒಡನಾಟವಾದ ಮೇಲೂ ಡಬ್ಬಿಯ ವಿಷಯದಲ್ಲಿ ಹೆಬ್ಬೆರಳು ಒಂದಿಷ್ಟೂ ಸಡಿಲವಾಗಲಿಲ್ಲ. ಅದರ ನಂತರ ಮತ್ತೆರಡು ಸಲ ಲಾರಿ ವಾಪಸು ಬಂತು. ಕೊನೆಗೆ ಗೋಡೌನಿಗೆ ಮರದ ಹಲಗೆ ಹಾಸಿ, ಫ್ಯಾನು ಹಾಕಿಸಿದೆ. ಆಮೇಲೆ ಬರಲಿಲ್ಲ.

ನನಗೆ ಬಿಡಿಸಲಾಗದ ಒಗಟೊಂದಿತ್ತು. ಫ್ಯಾಕ್ಟರಿಯಲ್ಲಿ ಯಾರ ಮಾತನ್ನೂ ನಂಬದ ಈ ಹೆಂಗಸು, ಬೆಟ್ಟದಲ್ಲಿ ಎಲ್ಲರ ಮಾತನ್ನೂ ನಂಬುತ್ತಿದ್ದರು. ಓಟ ಮುಗಿದು ವ್ಯಾನಿನ ಹತ್ತಿರ ಬಂದವರನ್ನು ಒಬ್ಬೊಬ್ಬರನ್ನಾಗಿ, “ಏಳೂ ಮುಟ್ಟಿದ್ರಿ?” ಎಂದು ಕೇಳುವರು. ಹೌದು ಎಂದರೆ, “ಆತು.” ಇಲ್ಲ ಎಂದರೂ ಅದೇ ದನಿಯಲ್ಲಿ, “ಹಂಗಾದ್ರ ಆಗಿಲ್ಲ.” ಯಾರು ನೋಡಿದರು, ಯಾವಾಗ ಮುಟ್ಟಿದಿರಿ, ಏನೂ ಇಲ್ಲ. ಒಮ್ಮೆ ಕೇಳಿಯೇಬಿಟ್ಟೆ: “ಇದೇನು ಮೇಡಂ, ಇಲ್ಲಿ ಹತ್ತಕ್ಕೊಂದು ಚೆಕ್ ಮಾಡಲ್ವಾ?”

ಅವರು ಕಿತ್ತಳೆ ಸುಲಿಯುತ್ತಿದ್ದರು. “ಅಲ್ಲಿ ತಪ್ಪಾದ್ರ ಮಂದಿ ಗುಳಗಿ ನುಂಗ್ತಾರ. ಇಲ್ಲಿ ತಪ್ಪಾದ್ರ ನೀವ ನುಂಗಬೇಕು. ನಾ ಯಾಕ ನಡುವ ಬರಲಿ?”

ವರ್ಷವಾಗುತ್ತಾ ಬಂದರೂ ನನಗೆ ಒಮ್ಮೆಯೂ ಆ “ಆತು” ಸಿಕ್ಕಿರಲಿಲ್ಲ. ನನ್ನ ಶತ್ರು ಐದನೆಯ ಗುಡ್ಡ. ಅದು ಎತ್ತರವಲ್ಲ, ಆದರೆ ನೆಟ್ಟಗೆ. ಕಾಲಿನಲ್ಲಿ ಏನೂ ಉಳಿದಿರದ ಹೊತ್ತಿಗೆ ಎದುರು ನಿಲ್ಲುತ್ತದೆ. ಅದರ ಬಲಗಡೆಗೆ ದನ ಓಡಾಡುವ ಒಂದು ಸಮತಟ್ಟು ದಾರಿಯಿದೆ. ನೆತ್ತಿಗೆ ಹೋಗದೆ ಹೊಟ್ಟೆಯನ್ನು ಬಳಸಿಕೊಂಡು ಆರನೆಯದರ ಬುಡ ಸೇರುತ್ತದೆ. ಅದನ್ನು ಕಂಡುಹಿಡಿದವನು ನಾನೇ. ಹೊಸಬರಿಗೆ ಈ ದಾರಿ ಇಡೋಣ ಮೇಡಂ, ಸಮಯ ಉಳಿಯುತ್ತೆ ಎಂದು ಸೂಚಿಸಿಯೂ ಇದ್ದೆ. “ಉಳಿದ ಸಮಯ ತಗೊಂಡು ಏನ ಮಾಡ್ತೀರಿ?” ಎಂದು ಕೇಳಿದ್ದರು, ನಿಜವಾಗಿಯೂ ತಿಳಿಯಬೇಕೆಂಬಂತೆ. ದಣಿದ ಭಾನುವಾರಗಳಲ್ಲಿ ನಾನು ಆ ದಾರಿಯಲ್ಲೇ ಹೋಗುತ್ತಿದ್ದೆ. ಕೇಳಿದಾಗ ಐದನೆಯದು ಇಲ್ಲ ಎನ್ನುತ್ತಿದ್ದೆ. ಹೇಗಿದ್ದರೂ ಮುಂದಿನ ವಾರ ಇದೆಯಲ್ಲ.

ಮುಂದಿನ ವಾರಗಳು ಮುಗಿಯುತ್ತಿವೆ ಎಂದು ಗೊತ್ತಾದದ್ದು ಅವರ ನಿವೃತ್ತಿಯ ದಿನ ನಿಗದಿಯಾದಾಗ. ಹೊರಡುವುದು ಒಂದು ಭಾನುವಾರ ಸಂಜೆಯ ವಿಮಾನದಲ್ಲಿ. ಅವತ್ತು ಬೆಳಿಗ್ಗೆಯೂ ಗುಡ್ಡಕ್ಕೆ ಬರುತ್ತೇನೆ ಎಂದರು. ನಾನು ಹಟ ತೊಟ್ಟೆ. ಆ “ಆತು” ತೆಗೆದುಕೊಂಡೇ ಅವರನ್ನು ಕಳಿಸಬೇಕು. ಎರಡು ತಿಂಗಳು ಬೆಳಿಗ್ಗೆ ಸಂಜೆ ಮೆಟ್ಟಿಲು ಹತ್ತಿದೆ. ಹೆಂಡತಿ ನೆಂಟರ ಮನೆಯ ಮದುವೆಗೆ ಊರಿಗೆ ಕರೆದರೆ ಹೋಗಲಿಲ್ಲ. “ಆ ಮೇಡಂ ಒಂದು ಮಾತು ಅಂದ್ರೆ ನಿಮ್ಗೆ ಏನ್ ಸಿಗುತ್ತೆ?” ಎಂದು ಕೇಳಿದಳು. ಲಾಭ ಹೇಳಲು ಬಾರದ ವ್ಯಾಪಾರ ನನ್ನ ಜೀವನದಲ್ಲಿ ಅದೊಂದೇ.

ಆ ಭಾನುವಾರ ಮಂಜು. ಹತ್ತು ಹೆಜ್ಜೆ ಮುಂದೆ ಕಾಣುವುದಿಲ್ಲ. ಗಾಳಿಯಂತ್ರಗಳ ಸದ್ದು ಮಾತ್ರ ತಲೆಯ ಮೇಲೆ. ಬೆಟ್ಟದಲ್ಲಿ ಕಾಡೆಮ್ಮೆಗಳೂ ಕಳ್ಳರೂ ಇರುವುದರಿಂದ ಬಂದೂಕು ಹಿಡಿದ ಕಾವಲುಗಾರನನ್ನು ಕರೆದುಕೊಂಡೇ ಹೋಗಬೇಕು. ಆಸ್ಕಾರಿ ಎನ್ನುತ್ತಾರೆ. ನಮ್ಮ ಆಸ್ಕಾರಿ ಕಮಾವ್, ಗಂಬೂಟು ಹಾಕಿಕೊಂಡೇ ನಮಗಿಂತ ಚೆನ್ನಾಗಿ ಓಡುವವನು, ಮುಂದೆ ಹೊರಟ. ಅವನ ಹಿಂದೆ ಪ್ರಶಾಂತ, ಆಮೇಲೆ ನಾನು. ದಾರಿಯಲ್ಲಿ ಅನನ್ಯಳಿಗೆ ಕಾಲು ಉಳುಕಿದ್ದರಿಂದ ಮೇಡಂ ಅವಳ ಜೊತೆ ಬಹಳ ಹಿಂದೆ ಉಳಿದರು.

ನನಗೆ ಅಂಥ ದಿನ ಹಿಂದೆ ಬಂದಿರಲಿಲ್ಲ. ಕೈ ತೊಡೆಯ ಮೇಲೆ, ಕಣ್ಣು ನೆಲದ ಮೇಲೆ, ಹೆಜ್ಜೆ ಗಡಿಯಾರದಂತೆ. ಪ್ರತಿ ಕಲ್ಲು ಮುಟ್ಟಿದಾಗಲೂ ಜೋರಾಗಿ ಎಣಿಸಿದೆ. ಒಂದು. ಎರಡು. ಮೂರು. ನಾಲ್ಕು. ಇಳಿಜಾರಿನಲ್ಲಿ ಒಮ್ಮೆಯೂ ಬ್ರೇಕು ಹಾಕಲಿಲ್ಲ. ಇನ್ನೊಂದು ಏರು ಹತ್ತಿ ಕಲ್ಲು ಮುಟ್ಟಿ, ಐದು ಎಂದೆ. ಆದರೆ ಆ ಕಲ್ಲು ಚಪ್ಪಟೆಯಾಗಿತ್ತು. ಐದನೆಯದು ಮೊನಚು. ಚಪ್ಪಟೆ ಆರನೆಯದು. ದಣಿವಿಗೆ ಲೆಕ್ಕ ತಪ್ಪಿರಬೇಕು ಎಂದು ಓಡುತ್ತಲೇ ಇದ್ದೆ. ಮುಂದಿನ ನೆತ್ತಿಯಲ್ಲಿ ಕಲ್ಲು ಮುಟ್ಟಿ, ಬಾಯಿ ಆರು ಎಂದಿತು. ಅದೇ ಹೊತ್ತಿಗೆ ಮಂಜು ಸರಿಯಿತು. ಕೆಳಗೆ ರಸ್ತೆ, ವ್ಯಾನು. ಇದೇ ಕೊನೆಯ ಗುಡ್ಡ.

ಕಾಲುಗಳು ತಮಗೆ ಅಭ್ಯಾಸವಾದ ದನದ ದಾರಿಯನ್ನು ಹಿಡಿದಿದ್ದವು. ಮಂಜಿನಲ್ಲಿ ನನಗೇ ತಿಳಿಯದ ಹಾಗೆ.

ಕೆಳಗಿಳಿಯುವ ಹತ್ತು ನಿಮಿಷ ನನ್ನೊಳಗೆ ನಡೆದ ಚೌಕಾಸಿ ಯಾವ ಸಂತೆಯಲ್ಲೂ ನಡೆದಿರಲಾರದು. ಯಾರೂ ನೋಡಿಲ್ಲ. ನಾನು ಬೇಕೆಂದು ತಪ್ಪಿಸಿದ್ದಲ್ಲ. ಅವರು ಸಂಜೆ ಹೋಗುತ್ತಾರೆ. ಒಂದು ಹೌದು ಅಂದರೆ ಇಬ್ಬರಿಗೂ ಸಂತೋಷ.

ಮೇಡಂ ಅನನ್ಯಳ ತೋಳು ಹಿಡಿದು ಇಳಿದು ಬರುವಷ್ಟರಲ್ಲಿ ನಾನು ನೀರು ಕುಡಿದು ನಿಂತಿದ್ದೆ. ಮುಖ ಕೆಂಪಾಗಿತ್ತು ಅವರದು. ಟೈಮರು ಒತ್ತಿ ನಿಲ್ಲಿಸಿ, ನನ್ನ ಕಡೆ ತಿರುಗಿದರು. “ಏಳೂ ಮುಟ್ಟಿದ್ರಿ?”

ಪ್ರಶಾಂತ ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದ. “ಇವತ್ತು ಹಾರಿಕೊಂಡು ಬಂದ್ರು ಮೇಡಂ!”

“ಐದನೇದು ಬಿಟ್ಟುಹೋಯ್ತು,” ಅಂದೆ.

“ಹಂಗಾದ್ರ ಆಗಿಲ್ಲ.”

“ಮೇಡಂ, ಮಂಜು. ಬೇಕಂತ ಬಿಟ್ಟಿದ್ದಲ್ಲ. ಆರು ಮುಟ್ಟಿದೀನಿ. ನೀವು ಇವತ್ತು ಹೊರಡ್ತಿದೀರ. ಇದೊಂದು ಸಲ ರಿಯಾಯಿತಿ ಕೊಡಿ.”

ಅವರು ನನ್ನನ್ನೇ ನೋಡಿದರು. ಕಣ್ಣಲ್ಲಿ ಪ್ರೀತಿ ಇತ್ತು, ಅದನ್ನು ನಾನು ಇಂದಿಗೂ ಪ್ರಮಾಣ ಮಾಡಿ ಹೇಳಬಲ್ಲೆ. “ಕೊಡಾಕ ಅದು ನಂದೇನ್ರಿ?”

ನಾನು ನೀರಿನ ಬಾಟಲಿಯನ್ನು ವ್ಯಾನಿನೊಳಗೆ ಎಸೆದು ಕಮಾವ್‌ನ ಕಡೆ ತಿರುಗಿದೆ. ಬೆರಳೆತ್ತಿ ಬೆಟ್ಟ ತೋರಿಸಿದೆ. ಅವನು “ತೆನಾ?” ಎಂದ, ಮತ್ತೆಯೋ ಎನ್ನುವಂತೆ. ಹೌದು, ಮತ್ತೆ. ಪ್ರಶಾಂತ ಏನೋ ಕೂಗಿದ, ಊಟ, ವಿಮಾನ, ಹೊತ್ತಾಯಿತು ಎಂದೆಲ್ಲ. ಮೇಡಂ ತಡೆಯಲಿಲ್ಲ. “ಗಾಳಿ ಅದ, ಜಾಕೀಟು ಒಯ್ರಿ” ಎಂದು ತಮ್ಮ ಮಳೆಯಂಗಿ ತೆಗೆದು ನನ್ನ ಹೆಗಲಿಗೆ ಹಾಕಿದರು.

ಏಳನೆಯದನ್ನು ಹಿಂದಿನಿಂದ ಹತ್ತಿ, ಆರನೆಯದನ್ನು ದಾಟಿ, ಐದನೆಯದರ ನೆತ್ತಿ ತಲುಪಲು ಒಂದೂವರೆ ಗಂಟೆ ಹಿಡಿಯಿತು. ತೊಡೆಗಳು ಒದ್ದೆ ಮರಳಿನ ಚೀಲಗಳಾಗಿದ್ದವು. ಕಮಾವ್ ಹಿಂದಿನಿಂದ “ಪೋಲೆ ಪೋಲೆ”, ನಿಧಾನ ನಿಧಾನ, ಎಂದು ಸಮಾಧಾನ ಹೇಳುತ್ತಿದ್ದ. ಮೊನಚು ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಒಂದು ಕಡೆ ರಿಫ್ಟ್ ಕಣಿವೆ, ಇನ್ನೊಂದು ಕಡೆ ಬಿಸಿಲಿನಲ್ಲಿ ನೈರೋಬಿ. ಇಳಿದು ಬಂದಾಗ ವ್ಯಾನು ನಿಂತಿದ್ದ ಜಾಗ ಖಾಲಿಯಾಗಿತ್ತು. ಕೆಸರು ಕಾಲಿನಲ್ಲೇ ಮಟಾಟು ಮಿನಿಬಸ್ಸು ಹತ್ತಿ ಮನೆ ಸೇರಿದಾಗ ಮೇಡಂ ಫೋನು ಸ್ವಿಚ್ ಆಫ್ ಆಗಿತ್ತು.

ಧಾರವಾಡದಿಂದ ಮೂರು ವಾರದ ಮೇಲೆ ಫೋನು ಬಂತು. ಅನನ್ಯಳ ಕಾಲು ವಿಚಾರಿಸಿದರು, ಅಲ್ಲಿಯ ಸೆಖೆ ಬೈದರು, ಅಳಿಯ ಲಿಫ್ಟಿರುವ ಮನೆ ನೋಡುತ್ತಿದ್ದಾನೆ ಎಂದು ದೂರು ಹೇಳಿದರು. ಬೆಟ್ಟದ ಮಾತೇ ಇಲ್ಲ. ನನಗೆ ತಡೆಯಲಾಗಲಿಲ್ಲ.

“ಮೇಡಂ, ಅವತ್ತೇ ವಾಪಸ್ ಹೋಗಿ ಐದನೇದು ಮುಟ್ಟಿದೆ. ಕಮಾವ್ ಸಾಕ್ಷಿ. ಈಗ ಏಳಾಯ್ತು.”

ಆ ಕಡೆ ಕುಕ್ಕರು ಕೂಗುತ್ತಿತ್ತು. ಅವರು ಅದು ಮುಗಿಯುವವರೆಗೆ ಕಾದರು.

“ಅವತ್ತ ಹೋಗಿದ್ದು ಭಾಳ ಛಲೋ ಆತು. ನನಗ ವಿಮಾನದಾಗ ಅದ ಚಿಂತಿ ಇತ್ತು, ಜೋಪಾನ ಇಳದ್ರೋ ಇಲ್ಲೋ ಅಂತ. ಆದ್ರ ಅದು ಒಂದು ಓಟ ಅಲ್ಲಲ್ರಿ? ಆರರದು ಒಂದು ಲಾಟ್, ಒಂದರದು ಇನ್ನೊಂದು. ಎರಡು ಲಾಟ್ ಕೂಡಿಸಿ ಒಂದು ಸರ್ಟಿಫಿಕೇಟ್ ಹೆಂಗ ಕೊಡ್ಲಿ?”

ನಾನು ಫೋನು ಹಿಡಿದುಕೊಂಡೇ ನಗಲು ಶುರು ಮಾಡಿದೆ. ಅವರೂ ನಕ್ಕರು. ಅಷ್ಟು ಹೊತ್ತು ನಗುವುದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಮರು ಭಾನುವಾರ ಬೆಳಿಗ್ಗೆ ಆರಕ್ಕೆ ಗಾಳಿಯಂತ್ರಗಳ ಬುಡದಲ್ಲಿದ್ದೆ. ಪ್ರಶಾಂತ ಬಂದಿರಲಿಲ್ಲ, ಕಮಾವ್ ಒಬ್ಬನೇ. ಅವತ್ತೂ ಮಂಜು. ನಾಲ್ಕು ಕಲ್ಲು ಮುಟ್ಟಿ ಇಳಿದು, ಐದನೆಯದರ ಬುಡದಲ್ಲಿ ಮೊದಲ ಬಾರಿಗೆ ಬೇಕೆಂದೇ ನಿಂತು, ಬಲಕ್ಕೆ ಹೊರಳುವ ದಾರಿ ಎಲ್ಲಿದೆ ಎಂದು ನೋಡಿಕೊಂಡೆ. ಆಮೇಲೆ ಕೈಗಳನ್ನು ತೊಡೆಯ ಮೇಲಿಟ್ಟು ಎಡಕ್ಕೆ, ನೆಟ್ಟಗೆ, ಹುಲ್ಲು ಹಿಡಿದು ಹತ್ತಿದೆ. ನೆತ್ತಿಯಲ್ಲಿ ಏನೂ ಕಾಣಲಿಲ್ಲ. ಬಗ್ಗಿ ತಡಕಾಡಿದೆ. ಮೊನಚು ಅಂಗೈಗೆ ಚುಚ್ಚಿತು, ತಣ್ಣಗೆ, ಒದ್ದೆಯಾಗಿ.

ಐದು ಎಂದೆ. ಇನ್ನೆರಡು ಉಳಿದಿದ್ದವು.